ಜರಿ ಸೀರೆಯೊಳಗೆ ಆರ್‌ಎಫ್‌ಐಡಿ ಟ್ಯಾಗ್ ಯಾಕೆ ಸಿಗುವುದಿಲ್ಲ?

ಓದುಗರ ಪ್ರಶ್ನೆ: "ದಾವಣಗೆರೆಯಲ್ಲಿ ನಮ್ಮದು ಸೀರೆ ಅಂಗಡಿ. ಮಾವನವರ ಕಾಲದ್ದು, ಈಗ ನಾನು ಮತ್ತು ನನ್ನ ಮೈದುನ ನೋಡಿಕೊಳ್ಳುತ್ತೇವೆ. ಸ್ಟಾಕ್ ಎಣಿಸಬೇಕು ಅಂದರೆ ಅಂಗಡಿ ಬಾಗಿಲು ಹಾಕಿ ಕೂರಬೇಕಿತ್ತು. ಅದಕ್ಕೇ ಹೋದ ವರ್ಷ ಆರ್‌ಎಫ್‌ಐಡಿ ಟ್ಯಾಗ್, ಅಂದರೆ ರೇಡಿಯೋ ತರಂಗದಿಂದ ದೂರದಿಂದಲೇ ಓದಬಹುದಾದ ಗುರುತಿನ ಸ್ಟಿಕ್ಕರ್, ಹಾಕಿಸಿದೆವು. ಸುಮಾರು 7 ಸೆಂಟಿಮೀಟರ್ ಉದ್ದದ ಸ್ಟಿಕ್ಕರ್. ಬೆಲೆ ಚೀಟಿಯ ಹಿಂದೆ ಅಂಟಿಸಿ, ಚೀಟಿಯನ್ನು ಸೀರೆಯ ಮಡಿಕೆಯೊಳಗೆ ಇಡುತ್ತೇವೆ. ಕೈಯಲ್ಲಿ ಹಿಡಿಯುವ ರೀಡರ್ ಒಂದಿದೆ. ಬರೀ ಟ್ಯಾಗ್ ಹಿಡಿದರೆ ನಾಲ್ಕೈದು ಮೀಟರ್ ದೂರದಿಂದ ಓದುತ್ತದೆ. ಇಳಕಲ್ ಸೀರೆ, ಕಾಟನ್ ಸೀರೆ ರ‍್ಯಾಕ್‌ನಲ್ಲಿ ಹೆಚ್ಚುಕಡಿಮೆ ಎಲ್ಲ ಸಿಗುತ್ತವೆ. ರೇಷ್ಮೆ ಸೀರೆಗೆ ಬಂದರೆ ಇಪ್ಪತ್ತರಲ್ಲಿ ಹನ್ನೆರಡೋ ಹದಿಮೂರೋ. ದೊಡ್ಡ ಜರಿ ಸೆರಗಿನ ಮದುವೆ ಸೀರೆಗಳಂತೂ ಒಂದು ಗೇಣು ದೂರಕ್ಕೆ ತಂದರೆ ಮಾತ್ರ ಸಿಗುತ್ತವೆ, ಅದೂ ಕೆಲವು. ಟ್ಯಾಗ್ ಕೊಟ್ಟವರು 'ರೀಡರ್ ಪವರ್ ಜಾಸ್ತಿ ಮಾಡಿ, ಇಲ್ಲಾ ದೊಡ್ಡ ಆಂಟೆನಾದ ಟ್ಯಾಗ್ ತಗೊಳ್ಳಿ' ಅನ್ನುತ್ತಾರೆ. ಇನ್ನೊಬ್ಬರು ಲೋಹದ ಮೇಲೆ ಹಾಕುವ ಟ್ಯಾಗೇ ಬೇಕು ಅಂತ ಹತ್ತಾರು ಪಟ್ಟು ಬೆಲೆ ಹೇಳಿದರು. ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ 'ನಮ್ಮ ಸೀರೆಗೇ ಅಂತ ಆಂಟೆನಾ ಡಿಸೈನ್ ಮಾಡಿಸೋಣ ಚಿಕ್ಕಮ್ಮ, ಸಿಮ್ಯುಲೇಷನ್ ನಾನೇ ಮಾಡ್ತೀನಿ' ಅಂತಿದ್ದಾನೆ. ಯಾರ ಮಾತು ಕೇಳಲಿ? ಈ ತರಂಗದಿಂದ ಜರಿ ಕಪ್ಪಾಗುತ್ತದೆ ಅಂತ ನಮ್ಮ ಹಳೆಯ ಕೆಲಸದವರೊಬ್ಬರು ಹೆದರಿಸಿದ್ದಾರೆ, ಅದು ನಿಜವೇ? ಇದೇ ಟ್ಯಾಗ್ ನಂಬಿಕೊಂಡು ಬಾಗಿಲಲ್ಲಿ ಕಳ್ಳತನ ತಡೆಯುವ ಗೇಟ್ ಇಡಬಹುದೇ?"

ಉತ್ತರ:

ನಿಮಗೇ ಗೊತ್ತಿಲ್ಲದ ಹಾಗೆ ನೀವು ಒಂದು ಒಳ್ಳೆಯ ಪರೀಕ್ಷೆ ಮಾಡಿ ಮುಗಿಸಿದ್ದೀರಿ. ಅದೇ ಟ್ಯಾಗ್, ಅದೇ ರೀಡರ್, ಅದೇ ಅಂಗಡಿ. ಇಳಕಲ್ ರ‍್ಯಾಕ್‌ನಲ್ಲಿ ಸಿಗುತ್ತದೆ, ರೇಷ್ಮೆಯಲ್ಲಿ ಅರ್ಧಂಬರ್ಧ, ದೊಡ್ಡ ಜರಿಯಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಂದಮೇಲೆ ಟ್ಯಾಗ್ ಕೆಟ್ಟಿಲ್ಲ, ರೀಡರ್‌ಗೂ ಶಕ್ತಿ ಕಡಿಮೆಯಾಗಿಲ್ಲ. ಟ್ಯಾಗ್‌ನ ಪಕ್ಕದಲ್ಲಿ ಏನಿದೆ ಅನ್ನುವುದಷ್ಟೇ ಬದಲಾಗಿರುವುದು. ಹಾಕಿದ ದುಡ್ಡು ನೀರಲ್ಲಿ ಹೋಯಿತೇ ಅನ್ನುವುದು ನಿಮ್ಮ ನಿಜವಾದ ಚಿಂತೆ ಅಂದುಕೊಂಡಿದ್ದೇನೆ. ಹೋಗಿಲ್ಲ. ಈಗಿರುವ ಟ್ಯಾಗ್‌ಗಳಲ್ಲಿ ಬಹುಪಾಲು ಹಾಗೇ ಉಪಯೋಗಕ್ಕೆ ಬರುತ್ತವೆ. ಆದರೆ ಅವು ಮಡಿಕೆಯಿಂದ ಹೊರಗೆ ಬರಬೇಕು.

ಜರಿ ಕಪ್ಪಾಗುವ ಮಾತನ್ನು ಮೊದಲು ಮುಗಿಸಿಬಿಡೋಣ. ಅಸಲಿ ಜರಿಯಲ್ಲಿ ಇರುವುದು ಬೆಳ್ಳಿ. ಗಾಳಿಯಲ್ಲಿರುವ ಗಂಧಕದ ಅಂಶ, ತೇವ, ಬೆವರು, ಮೇಲೆ ಬಿದ್ದ ಸೆಂಟು, ಇವುಗಳಿಂದ ಬೆಳ್ಳಿ ಕಪ್ಪಾಗುತ್ತದೆ. ರೇಡಿಯೋ ತರಂಗಕ್ಕೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮ ರೀಡರ್ ಹೊರಗೆ ಬಿಡುವುದು ಹೆಚ್ಚೆಂದರೆ 1 ವ್ಯಾಟ್. ಅದು ಇಡೀ ರ‍್ಯಾಕ್ ಮೇಲೆ ಹರಡಿಹೋಗುತ್ತದೆ. ಸೀರೆ ಬೆಚ್ಚಗೂ ಆಗುವುದಿಲ್ಲ. ನಿಮ್ಮ ಕೆಲಸದವರಿಗೆ ಹೇಳಿ, ಆ ಸೀರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ವರ್ಷಗಟ್ಟಲೆ ತೇವದ ಸಮೇತ ಮುಚ್ಚಿಡುವುದೇ ಜರಿಗೆ ಹೆಚ್ಚು ಅಪಾಯ ಅಂತ.

ಆ ಸ್ಟಿಕ್ಕರಿನೊಳಗೆ ಏನಿದೆ?

ಟ್ಯಾಗ್‌ನಲ್ಲಿ ಬ್ಯಾಟರಿ ಇಲ್ಲ. ರೀಡರ್ ಕಳಿಸುವ ತರಂಗದಿಂದಲೇ ಅದಕ್ಕೆ ಕರೆಂಟು. ಸ್ಟಿಕ್ಕರನ್ನು ಬೆಳಕಿಗೆ ಹಿಡಿದು ನೋಡಿ. ನಡುವೆ ಸಾಸಿವೆಗಿಂತ ಸಣ್ಣ ಚಿಪ್, ಅದರ ಸುತ್ತ ಅಲ್ಯೂಮಿನಿಯಂ ಗೆರೆಗಳ ಒಂದು ಚಿತ್ತಾರ ಕಾಣುತ್ತದೆ. ಆ ಚಿತ್ತಾರವೇ ಆಂಟೆನಾ. ಚಿಪ್ ಎಚ್ಚರಗೊಳ್ಳಲು ಸುಮಾರು 10 ಮೈಕ್ರೊವ್ಯಾಟ್ ಬೇಕು, ಹೊಸ ಚಿಪ್‌ಗಳಿಗೆ ಅದಕ್ಕಿಂತಲೂ ಕಡಿಮೆ ಸಾಕು. ಅಷ್ಟು ಸಿಕ್ಕರೆ ಅದು ತನ್ನ ಆಂಟೆನಾವನ್ನು ಎರಡು ಸ್ಥಿತಿಗಳ ನಡುವೆ ಬದಲಾಯಿಸುತ್ತಾ, ಬಂದ ತರಂಗವನ್ನು ಹೆಚ್ಚು ಕಡಿಮೆ ಮಾಡಿ ವಾಪಸ್ ಚಿಮ್ಮಿಸುತ್ತದೆ. ರೀಡರ್ ಆ ಏರಿಳಿತವನ್ನು ಓದಿಕೊಳ್ಳುತ್ತದೆ. ಹೆಚ್ಚಿನ ಕಡೆ ತೊಂದರೆ ಬರುವುದು ವಾಪಸ್ ಬರುವ ದಾರಿಯಲ್ಲಿ ಅಲ್ಲ, ಹೋಗುವ ದಾರಿಯಲ್ಲಿ. ಚಿಪ್ ಎದ್ದೇಳುವುದೇ ಇಲ್ಲ.

ಭಾರತದಲ್ಲಿ ಈ ಬಗೆಯ ಟ್ಯಾಗ್‌ಗಳಿಗೆ 865 ಮೆಗಾಹರ್ಟ್ಸ್‌ನಿಂದ ಮೇಲಿನ ಒಂದು ಸಣ್ಣ ಪಟ್ಟಿ (ಬ್ಯಾಂಡ್) ಇದೆ. ಮೊದಲು 867ರವರೆಗೆ ಇತ್ತು, 2021ರ ನಿಯಮದಲ್ಲಿ 868ಕ್ಕೆ ಏರಿತು. ಆ ಕಂಪನಕ್ಕೆ (ಫ್ರೀಕ್ವೆನ್ಸಿಗೆ) ತರಂಗದ ಉದ್ದ ಸುಮಾರು 34.6 ಸೆಂಟಿಮೀಟರ್. ಎರಡು ಕೈ ಚಾಚಿದ ಸಾದಾ ಆಂಟೆನಾ ಚೆನ್ನಾಗಿ ಕೆಲಸ ಮಾಡಬೇಕಾದರೆ ಅದರ ಅರ್ಧ, ಅಂದರೆ 17 ಸೆಂಟಿಮೀಟರ್ ಚಿಲ್ಲರೆ ಉದ್ದ ಬೇಕು. ನಿಮ್ಮದು 7 ಸೆಂಟಿಮೀಟರ್. ಉಳಿದ ಉದ್ದವನ್ನು ಹಾವಿನ ಹಾಗೆ ಅಂಕುಡೊಂಕಾಗಿ ಮಡಚಿ ಒಳಗೆ ಸೇರಿಸಿರುತ್ತಾರೆ. ಎರಡೂ ತುದಿಗಳಲ್ಲಿ ಅಗಲವಾದ ಪಟ್ಟೆ ಇಟ್ಟಿರುತ್ತಾರೆ. ಹೀಗೆ ಕುಗ್ಗಿಸಿದ್ದಕ್ಕೆ ಬೆಲೆ ತೆರಲೇಬೇಕು. ಆಂಟೆನಾ ಚಿಕ್ಕದಾದಷ್ಟೂ ಅದು ಚೆನ್ನಾಗಿ ಕೆಲಸ ಮಾಡುವ ಕಂಪನದ ಪಟ್ಟಿ ಕಿರಿದಾಗುತ್ತದೆ, ಗೆರೆಗಳಲ್ಲೇ ಕಳೆದುಹೋಗುವ ಶಕ್ತಿಯೂ ಹೆಚ್ಚುತ್ತದೆ.

ಚಿಪ್‌ನ ಸುತ್ತ ಒಂದು ಪುಟ್ಟ ಚೌಕಾಕಾರದ ಕುಣಿಕೆ ಇರುತ್ತದೆ, ಗಮನಿಸಿ. ಟ್ಯಾಗ್ ಡಿಸೈನ್ ಮಾಡುವ ನಮ್ಮಂಥವರ ಅರ್ಧ ತಲೆನೋವು ಅದರದ್ದೇ. ಚಿಪ್ ಅನ್ನುವುದು ಸಾದಾ ಬಲ್ಬಿನ ಹಾಗೆ ಬರೀ ಓಂಗಳ ಲೆಕ್ಕ ಅಲ್ಲ. ಅದರೊಳಗೆ ಸುಮಾರು 1 ಪೈಕೊಫ್ಯಾರಡ್ ಕೆಪಾಸಿಟರ್ (ವಿದ್ಯುತ್ತನ್ನು ತುಸು ಹಿಡಿದಿಟ್ಟುಕೊಳ್ಳುವ ಭಾಗ) ಅಡಗಿದೆ. ಅದರ ಜೊತೆ ಸಮಾಂತರವಾಗಿ 1500 ಓಂ ಇದೆ ಅಂದುಕೊಳ್ಳಿ, ಇದು ಸಾಮಾನ್ಯವಾಗಿ ಸಿಗುವ ಅಳತೆಯೇ. 866 ಮೆಗಾಹರ್ಟ್ಸ್‌ನಲ್ಲಿ ಲೆಕ್ಕ ಹಾಕಿದರೆ ಚಿಪ್ ಹೊರಗೆ ಕಾಣುವುದು 22 ಓಂ ಪ್ರತಿರೋಧವಾಗಿ, ಜೊತೆಗೆ ಋಣ 181 ಓಂ ಕೆಪಾಸಿಟರ್ ಭಾಗವಾಗಿ. ಶಕ್ತಿ ಪೂರ್ತಿ ಒಳಗೆ ಹೋಗಬೇಕಾದರೆ ಆಂಟೆನಾ ಅದಕ್ಕೆ ಸರಿಯಾಗಿ 22 ಓಂ ಮತ್ತು ಧನ 181 ಓಂ ತೋರಿಸಬೇಕು, ಆಗ ಋಣಕ್ಕೆ ಧನ ವಜಾ ಆಗುತ್ತದೆ. ಆ ಧನ ಭಾಗ ಕೊಡುವುದು ಕುಣಿಕೆಯ ಇಂಡಕ್ಟನ್ಸ್ (ಕಾಂತಕ್ಷೇತ್ರದಿಂದ ಬರುವ ಗುಣ), ಸುಮಾರು 33 ನ್ಯಾನೊಹೆನ್ರಿ. ಕುಣಿಕೆ ಅರ್ಧ ಮಿಲಿಮೀಟರ್ ದೊಡ್ಡದೋ ಚಿಕ್ಕದೋ ಆದರೂ ಹೊಂದಾಣಿಕೆ ಬೇರೆ ಕಂಪನಕ್ಕೆ ಜಾರುತ್ತದೆ. ಆಂಟೆನಾ ಅಂದರೆ ಉದ್ದದ ಲೆಕ್ಕ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಟ್ಯಾಗ್ ವಿಷಯದಲ್ಲಿ ಈ ಹೊಂದಾಣಿಕೆಯೇ ದೊಡ್ಡದು.

ಈಗ ಮುಖ್ಯ ಸಂಗತಿ. ಈ ಹೊಂದಾಣಿಕೆಯನ್ನು ಯಾರೂ ಬರೀ ಗಾಳಿಯಲ್ಲಿ ಮಾಡುವುದಿಲ್ಲ. ಟ್ಯಾಗ್ ಯಾವುದರ ಮೇಲೆ ಕೂರುತ್ತದೋ ಆ ವಸ್ತುವೂ ಆಂಟೆನಾದ ಭಾಗವೇ. ಕಾಗದ, ಬಟ್ಟೆ, ಗಾಜು ಯಾವುದೇ ಇರಲಿ, ಹತ್ತಿರ ಬಂದರೆ ಆಂಟೆನಾದ ಕಂಪನವನ್ನು ಕೆಳಗೆ ಎಳೆಯುತ್ತದೆ. ಕಾರಿನ ಫಾಸ್ಟ್ಯಾಗ್ ಕೂಡ ಇದೇ ಬ್ಯಾಂಡಿನದು. ಅದು ಮುಂದಿನ ಗಾಜಿಗೆ ಅಂಟಿಸಲು ಮಾಡಿದ್ದು, ಗಾಜಿನ ಪರಿಣಾಮ ಲೆಕ್ಕದೊಳಗೇ ಬಂದಿರುತ್ತದೆ. ಗಾಜಿನ ಮೇಲೆ ಶಾಖ ತಡೆಯುವ ಲೋಹದ ಲೇಪ ಇದ್ದರೆ ಮಾತ್ರ ಕತೆ ಬೇರೆ. ಅಂಥ ಕಾರುಗಳಲ್ಲಿ ಲೇಪ ಇಲ್ಲದ ಒಂದು ಜಾಗ ಬಿಟ್ಟಿರುತ್ತಾರೆ, ಅಲ್ಲೇ ಅಂಟಿಸಬೇಕು. ನಿಮ್ಮ ಸೀರೆಯ ಸಮಸ್ಯೆ ಅದೇ ಜಾತಿಯದು.

ಜರಿ ಏನು ಮಾಡುತ್ತದೆ?

ಅಸಲಿ ಜರಿ ಅಂದರೆ ರೇಷ್ಮೆ ದಾರದ ಸುತ್ತ ಚಪ್ಪಟೆ ಮಾಡಿದ ಬೆಳ್ಳಿ ತಂತಿ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟದ್ದು. ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು. ರಾಜ್ಯ ಸರ್ಕಾರದ ರೇಷ್ಮೆ ಸಂಸ್ಥೆ ಕೆಎಸ್‌ಐಸಿಯ ಮೈಸೂರು ಸಿಲ್ಕ್ ಜರಿಯಲ್ಲಿ 65 ಪರ್ಸೆಂಟ್ ಬೆಳ್ಳಿ, 0.65 ಪರ್ಸೆಂಟ್ ಚಿನ್ನ ಅನ್ನುತ್ತಾರೆ. ರೇಡಿಯೋ ತರಂಗದ ಕಣ್ಣಿಗೆ ಅದೊಂದು ಲೋಹದ ಬಲೆ. ಎಳೆಗಳ ನಡುವಿನ ಸಂದು ಮಿಲಿಮೀಟರಿಗಿಂತ ಕಡಿಮೆ, ತರಂಗದ ಉದ್ದ 34 ಸೆಂಟಿಮೀಟರ್. ಹಾಗಾಗಿ ಒತ್ತಾಗಿ ನೇಯ್ದ ಸೆರಗು ಹೆಚ್ಚುಕಡಿಮೆ ತಗಡಿನ ಹಾಗೇ ವರ್ತಿಸುತ್ತದೆ. ತಾಮ್ರದ ಜರಿಯೂ ಅಷ್ಟೇ. ಪ್ಲಾಸ್ಟಿಕ್ ಜರಿ ಅಂದಮಾತ್ರಕ್ಕೆ ಲೋಹ ಇಲ್ಲ ಅಂತಲ್ಲ. ಅದು ಲೋಹದ ತೆಳು ಲೇಪ ಕೊಟ್ಟ ಪಾಲಿಯೆಸ್ಟರ್ ಹಾಳೆಯಿಂದ ಸೀಳಿದ ಎಳೆ. ಲೇಪ ತೀರಾ ತೆಳು, ಮೇಲೆ ವಾರ್ನಿಷ್ ಇರುವುದರಿಂದ ಎಳೆಗೂ ಎಳೆಗೂ ಸರಿಯಾಗಿ ತಾಗುವುದಿಲ್ಲ. ಅದರ ಕಾಟ ಸೀರೆಯಿಂದ ಸೀರೆಗೆ ಬದಲಾಗುತ್ತದೆ.

ಲೋಹ ಹತ್ತಿರ ಬಂದರೆ ಎರಡು ಕೆಡುಕು ಒಟ್ಟಿಗೇ ಆಗುತ್ತವೆ. ಒಂದು, ಶ್ರುತಿ ತಪ್ಪುವುದು. ತಂಬೂರಿ ಮೀಟುತ್ತಿರುವಾಗ ಯಾರೋ ತಂತಿಗೆ ಬೆರಳು ತಾಗಿಸಿದ ಹಾಗೆ. ಕುಣಿಕೆಯ ಕಾಂತಕ್ಷೇತ್ರ ಜರಿಯಲ್ಲಿ ಎದುರು ಕರೆಂಟು ಹುಟ್ಟಿಸುತ್ತದೆ. ಆಗ 33 ನ್ಯಾನೊಹೆನ್ರಿ ಇದ್ದದ್ದು ಕುಸಿಯುತ್ತದೆ, ಚಿಪ್‌ನ ಜೊತೆಗಿನ ಲೆಕ್ಕ ತಪ್ಪುತ್ತದೆ. ಇನ್ನೊಂದು ಅದಕ್ಕಿಂತ ಕೆಟ್ಟದ್ದು. ಲೋಹದ ತಗಡಿಗೆ ಸಮಾನಾಂತರವಾಗಿ ಆಂಟೆನಾ ಮಲಗಿದ್ದರೆ, ಅದರ ಕರೆಂಟಿಗೆ ತಗಡಿನಲ್ಲಿ ಉಲ್ಟಾ ದಿಕ್ಕಿನ ಪ್ರತಿಬಿಂಬ ಹುಟ್ಟುತ್ತದೆ. ಅಸಲು ಮತ್ತು ಬಿಂಬ ಒಂದನ್ನೊಂದು ಹೊಡೆದು ಹಾಕುತ್ತವೆ. ದೂರದಿಂದ ನೋಡಿದರೆ ಅಲ್ಲಿ ಆಂಟೆನಾ ಇದ್ದಂತೆಯೇ ಇಲ್ಲ. ಶ್ರುತಿ ತಪ್ಪಿದ್ದನ್ನು ಮತ್ತೆ ಸರಿ ಮಾಡಬಹುದು, ಈ ಎರಡನೆಯದನ್ನು ಚಿತ್ತಾರ ಬದಲಿಸಿ ಸರಿ ಮಾಡಲು ಆಗುವುದಿಲ್ಲ. ಅದಕ್ಕೆ ದೂರವೇ ಮದ್ದು. ಪೂರ್ತಿ ಸರಿಹೋಗಲು ತರಂಗದ ಕಾಲು ಭಾಗ, ಅಂದರೆ 8.6 ಸೆಂಟಿಮೀಟರ್ ಬೇಕು. ಅಷ್ಟು ಬೇಡ, ಎರಡು ಮೂರು ಸೆಂಟಿಮೀಟರ್ ಸಿಕ್ಕಿದರೂ ಅಂಗಡಿಯ ಕೆಲಸಕ್ಕೆ ಸಾಕಾಗುವಷ್ಟು ಚೇತರಿಕೆ ಕಾಣುತ್ತದೆ.

ನೀವು ಸೀರೆ ಮಡಚುವ ರೀತಿ ನೆನಪಿಸಿಕೊಳ್ಳಿ. ಗಿರಾಕಿಗೆ ಕಾಣಲಿ ಅಂತ ಸೆರಗು, ಅಂಚು ಮೇಲೆ ಬರುವ ಹಾಗೆ ಮಡಚುತ್ತೀರಿ. ಅಂಚಿನ ಜರಿ ಮಡಿಕೆಯ ಮೇಲೆ ಮಡಿಕೆಯಾಗಿ ಒಂದೇ ಜಾಗದಲ್ಲಿ ಕೂರುತ್ತದೆ. ಚೀಟಿ ಒಳಗೆ. ಅಂದರೆ ಟ್ಯಾಗ್‌ನ ಮೇಲೆ ಲೋಹ, ಕೆಳಗೆ ಲೋಹ, ಪಕ್ಕದಲ್ಲೂ ಲೋಹ. ಇಳಕಲ್ ಸೀರೆಯಲ್ಲಿ ಅಂಚೂ ಸೆರಗೂ ಹೆಚ್ಚಾಗಿ ಬಣ್ಣದ ರೇಷ್ಮೆ ಎಳೆಯದ್ದೇ ಆಗಿರುವುದರಿಂದ ಅಲ್ಲಿ ಈ ರಗಳೆ ಇಲ್ಲ.

ಇದರ ಜೊತೆಗೆ ಅಟ್ಟಿಯ ತೊಂದರೆಯೂ ಇದೆ. ಇಪ್ಪತ್ತು ಸೀರೆ ಒಂದರ ಮೇಲೊಂದು ಇಟ್ಟರೆ ಟ್ಯಾಗ್‌ಗಳೂ ಒಂದೇ ನೇರದಲ್ಲಿ ಅಟ್ಟಿಯಾಗುತ್ತವೆ. ಒಂದೆರಡು ಸೆಂಟಿಮೀಟರ್ ಅಂತರದಲ್ಲಿರುವ ಎರಡು ಆಂಟೆನಾ ಒಂದರ ಶ್ರುತಿಯನ್ನು ಇನ್ನೊಂದು ಕೆಡಿಸುತ್ತವೆ. ಮುಂದಿನದು ಹಿಂದಿನದಕ್ಕೆ ನೆರಳಾಗುತ್ತದೆ. ಇನ್ನು ಟ್ಯಾಗ್‌ನ ತುದಿ ನೇರ ರೀಡರ್ ಕಡೆ ತಿರುಗಿದ್ದರೆ ಅದು ಆಂಟೆನಾದ ಕುರುಡು ದಿಕ್ಕು, ಆ ಕಡೆಯಿಂದ ಏನೂ ತೋಚದು. ರ‍್ಯಾಕ್ ಕಬ್ಬಿಣದ್ದಾಗಿದ್ದರೆ ಹಲಗೆಗೆ ತಾಗಿಕೊಂಡ ಟ್ಯಾಗ್‌ಗಳೂ ಹೋದವು ಅಂತಲೇ ಲೆಕ್ಕ.

ಮೂವರು ಹೇಳಿದ್ದರಲ್ಲಿ ನಿಜ ಎಷ್ಟು?

ರೀಡರ್ ಪವರ್ ಜಾಸ್ತಿ ಮಾಡುವ ಸಲಹೆಗೆ ನಿಮ್ಮ ಪತ್ರದ ಅಳತೆಯಿಂದಲೇ ಉತ್ತರ ಕೊಡಬಹುದು. ಬರೀ ಟ್ಯಾಗ್ ನಾಲ್ಕೂವರೆ ಮೀಟರ್ ಓದುತ್ತಿತ್ತು, ಮದುವೆ ಸೀರೆಯೊಳಗೆ ಗೇಣಿಗೆ ಇಳಿಯಿತು. ದೂರ ಇಪ್ಪತ್ತನೇ ಒಂದು ಭಾಗ ಆಯಿತು. ಓದುವ ದೂರ ಅರ್ಧಕ್ಕಿಳಿದರೆ ಚಿಪ್‌ಗೆ ಸಿಗುವ ಶಕ್ತಿ ಕಾಲು ಭಾಗಕ್ಕಿಳಿದಿದೆ ಅನ್ನುವ ಲೆಕ್ಕದಲ್ಲಿ, ನಿಮ್ಮ ಸೀರೆ ನುಂಗಿದ್ದು 400ರಲ್ಲಿ 399 ಭಾಗ. ನಮ್ಮ ಭಾಷೆಯಲ್ಲಿ 26 ಡಿಬಿ (ಡೆಸಿಬೆಲ್, ಶಕ್ತಿ ಎಷ್ಟು ಪಟ್ಟು ಏರಿತು ಇಳಿಯಿತು ಅನ್ನುವ ಅಳತೆ) ನಷ್ಟ. ಅದನ್ನು ಪವರ್‌ನಿಂದ ತುಂಬಿಸಬೇಕಾದರೆ 1 ವ್ಯಾಟ್ ಇದ್ದಲ್ಲಿ 400 ವ್ಯಾಟ್ ಬೇಕು. ಕಾನೂನು ಬಿಡುವುದು 1 ವ್ಯಾಟ್ ಟ್ರಾನ್ಸ್‌ಮಿಟರ್ ಮಾತ್ರ. ಪವರ್ ಎರಡು ಪಟ್ಟು ಮಾಡಿದರೂ ಓದುವ ದೂರ ಹೆಚ್ಚುವುದು 1.4 ಪಟ್ಟು. ಮೇಲಾಗಿ ಅದರಿಂದ ಪಕ್ಕದ ರ‍್ಯಾಕ್‌ನ ಕಾಟನ್ ಸೀರೆಗಳೆಲ್ಲ ಈ ರ‍್ಯಾಕ್‌ನ ಲೆಕ್ಕದಲ್ಲಿ ಬಂದು ಕೂರುತ್ತವೆ. ಸಿಗದಿದ್ದದ್ದು ಸಿಗುವುದಿಲ್ಲ, ಬೇಡವಾದದ್ದು ಸಿಗುತ್ತದೆ.

ಅಂದಹಾಗೆ, ಸೆಟ್ಟಿಂಗ್ ತೆಗೆದಾಗ ಇನ್ನೊಂದು ನೋಡಿಕೊಳ್ಳಿ. ರೀಡರ್‌ನಲ್ಲಿ ರೀಜನ್ ಅಂತ ಇರುತ್ತದೆ. ಅದು ಇಂಡಿಯಾ ಆಗಿರಬೇಕು. ಹೊರಗಿನಿಂದ ತರಿಸಿದ ರೀಡರ್‌ಗಳು ಕೆಲವು ಸಲ ಅಮೆರಿಕದ 902ರಿಂದ 928 ಮೆಗಾಹರ್ಟ್ಸ್‌ನಲ್ಲೇ ಇರುತ್ತವೆ. ನಮ್ಮಲ್ಲಿ 890ರಿಂದ 915 ಮೊಬೈಲ್ ಫೋನ್ ಟವರಿಗೆ ಮಾತಾಡುವ ಜಾಗ. ಅಲ್ಲಿ ನಾವು ಸದ್ದು ಮಾಡುವ ಹಾಗಿಲ್ಲ. ಟ್ಯಾಗ್ ನಮ್ಮ ಬ್ಯಾಂಡಿಗೆ ಹೊಂದಿಸಿದ್ದಾದರೆ ಅಲ್ಲಿ ಓದುವ ದೂರವೂ ಕಡಿಮೆಯಾಗಬಹುದು.

ದೊಡ್ಡ ಆಂಟೆನಾ ಅನ್ನುವುದು ಅರ್ಧ ಸತ್ಯ. 9.5 ಸೆಂಟಿಮೀಟರ್ ಉದ್ದದ ಟ್ಯಾಗ್‌ಗಳು ಮಾರುಕಟ್ಟೆಯಲ್ಲಿ ಸಾಮಾನ್ಯ. ಅವುಗಳ ಕಂಪನದ ಪಟ್ಟಿ ಅಗಲ, ಹಾಗಾಗಿ ಸುತ್ತಲಿನ ವಸ್ತು ಬದಲಾದರೂ ಸ್ವಲ್ಪ ತಡೆದುಕೊಳ್ಳುತ್ತವೆ. ಅಂಚಿನಲ್ಲಿ ಸಣ್ಣ ಜರಿ ಇರುವ ಸೀರೆಗಳಿಗೆ ಅದು ನೆರವಾಗಬಹುದು. ಮದುವೆ ಸೀರೆಯ ಮಡಿಕೆಯಲ್ಲಿ ಅದೂ ಬಿಂಬದ ಕೈಗೆ ಸಿಕ್ಕಿ ಸೋಲುತ್ತದೆ.

ಲೋಹದ ಮೇಲೆ ಹಾಕುವ ಟ್ಯಾಗ್ ವಿಷಯದಲ್ಲಿ ಜೋಪಾನ. ಅದು ಮೋಸದ ವಸ್ತುವಲ್ಲ, ತುಂಬ ಚೆನ್ನಾಗಿ ಯೋಚಿಸಿ ಮಾಡಿದ್ದು. ಒಳಗೆ ದಪ್ಪ ಫೋಮ್, ಪ್ಲಾಸ್ಟಿಕ್ ಅಥವಾ ಸೆರಾಮಿಕ್ ಪದರ ಇಟ್ಟು, ಕೆಳಗೆ ತನ್ನದೇ ಲೋಹದ ತಳ ಕೊಟ್ಟಿರುತ್ತಾರೆ. ಕೆಳಗಿನ ಕಬ್ಬಿಣವನ್ನು ಅದು ಶತ್ರು ಅಂದುಕೊಳ್ಳದೆ ನೆಲ ಅಂತ ಬಳಸಿಕೊಳ್ಳುತ್ತದೆ. ಗ್ಯಾಸ್ ಸಿಲಿಂಡರ್, ಮೆಷಿನ್, ಕಬ್ಬಿಣದ ಟ್ರಾಲಿ, ಇಂಥ ಕಡೆ ಅದೇ ಸರಿ. ಆದರೆ ಅದು ಲೋಹದ ಮೇಲೆ ಕೂತು, ಮುಖವನ್ನು ಹೊರಗೆ ಮಾಡಿರಬೇಕು. ಎರಡು ಲೋಹದ ಪದರದ ನಡುವೆ ಸಿಕ್ಕಿಸಿದರೆ ಅದರ ಮುಖವೇ ಮುಚ್ಚಿಹೋಗುತ್ತದೆ. ನಿಮ್ಮ ಮಡಿಕೆಯೊಳಗೆ ಇಟ್ಟರೆ ಹತ್ತಾರು ಪಟ್ಟು ದುಡ್ಡು ಕೊಟ್ಟು ಅದೇ ಫಲ. ಮಡಿಕೆಯ ಹೊರಗೆ ಇಡುವುದಾದರೆ ಸಾದಾ ಟ್ಯಾಗೇ ಸಾಕಲ್ವಾ? ಜೊತೆಗೆ ಆ ಗಟ್ಟಿ ತುಂಡು ರೇಷ್ಮೆಯ ಮೇಲೆ ಅಚ್ಚು ಬಿಡುತ್ತದೆ.

ಇದರ ಬದಲು 13.56 ಮೆಗಾಹರ್ಟ್ಸ್ ಟ್ಯಾಗ್, ಅಂದರೆ ಲೈಬ್ರರಿ ಪುಸ್ತಕಗಳಲ್ಲಿ ಇರುತ್ತದಲ್ಲ, ಅದನ್ನು ಹಾಕಿ ಅಂತ ಯಾರಾದರೂ ಹೇಳಿಯಾರು. ಬೇಡ. ಅದರ ಆಂಟೆನಾ ಸುರುಳಿ, ಕಾಂತಕ್ಷೇತ್ರದ ಮೇಲೆ ನಡೆಯುವಂಥದ್ದು. ಓದುವ ದೂರ ಸೆಂಟಿಮೀಟರ್‌ಗಳ ಲೆಕ್ಕ. ಲೋಹ ಪಕ್ಕಕ್ಕೆ ಬಂದರೆ ಅದೂ ಕುಸಿಯುತ್ತದೆ.

ಅಕ್ಕನ ಮಗನ ಐಡಿಯಾ

ಹುಡುಗನ ಉತ್ಸಾಹ ನನಗೆ ಇಷ್ಟವಾಯಿತು. ಕಾಲೇಜು ಪ್ರಾಜೆಕ್ಟ್ ಆಗಿ ಮಾಡಲಿ, ಅಂಗಡಿಯ ದುಡ್ಡಲ್ಲಿ ಬೇಡ. ಕಾರಣ ಹೇಳುತ್ತೇನೆ.

ಓಪನ್‌ಇಎಂಎಸ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಟ್ಯಾಗ್‌ನ ಚಿತ್ತಾರ ಬರೆದು, ಚಿಪ್‌ನ ಜಾಗದಲ್ಲಿ ಪೋರ್ಟ್ ಇಟ್ಟು, 22 ಮತ್ತು 181ರ ಗುರಿ ಮುಟ್ಟಿಸುವುದು ಕಷ್ಟವಲ್ಲ. ಸೀರೆಯನ್ನು ಅದರೊಳಗೆ ಬರೆಯುವುದು ಕಷ್ಟ. ಜರಿಯ ಎಳೆಗೂ ಎಳೆಗೂ ಎಷ್ಟು ತಾಗಿದೆ, ನೇಯ್ಗೆ ಎಷ್ಟು ಬಿಗಿ, ಮಡಿಕೆ ಎಷ್ಟು ಒತ್ತಿದೆ, ಇದೆಲ್ಲ ಸೀರೆಯಿಂದ ಸೀರೆಗೆ ಬೇರೆ. ಒಂದು ಕಂಚಿ ಸೀರೆಗೆ ಅಂತ ಕರಾರುವಾಕ್ಕಾಗಿ ಹೊಂದಿಸಿದ ಆಂಟೆನಾ ಮೊಳಕಾಲ್ಮೂರು ಸೀರೆಯ ಮೇಲೆ ತಪ್ಪುತ್ತದೆ, ಕಾಟನ್ ಮೇಲೆ ಈಗಿರುವುದಕ್ಕಿಂತ ಕೆಡುತ್ತದೆ. ಒಂದು ವಸ್ತುವಿಗೆ ಚೂಪಾಗಿ ಹೊಂದಿಸಿದಷ್ಟೂ ಉಳಿದವುಗಳಿಗೆ ಅದು ದೂರ. ನಾನು ಬಟ್ಟೆ, ಪಾದರಕ್ಷೆ, ಔಷಧಿ ಪೆಟ್ಟಿಗೆ ಹೀಗೆ ಬೇರೆ ಬೇರೆ ಸರಕಿನ ಟ್ಯಾಗ್‌ಗಳಲ್ಲಿ ಕೆಲಸ ಮಾಡಿದ್ದೇನೆ. ಹಲವು ಬಗೆಯ ಸರಕು ಇರುವ ಕಡೆ ಗೆಲ್ಲುವುದು ಎಲ್ಲ ಕಡೆ ಸುಮಾರಾಗಿ ಓದುವ ಟ್ಯಾಗ್. ಒಂದೇ ಕಡೆ ಅದ್ಭುತವಾಗಿ ಓದುವುದಲ್ಲ.

ಆಮೇಲೆ ಖರ್ಚು. ಈ ಗೆರೆಗಳನ್ನು ಪಾಲಿಯೆಸ್ಟರ್ ಹಾಳೆಯ ಮೇಲಿನ ಹತ್ತು ಮೈಕ್ರಾನ್ ಆಸುಪಾಸಿನ ಅಲ್ಯೂಮಿನಿಯಂ ಪದರವನ್ನು ಕೊರೆದು ಮಾಡುತ್ತಾರೆ, ಚಿಪ್ಪನ್ನು ಮೆಷಿನ್ ಕೂರಿಸುತ್ತದೆ. ಹೊಸ ಚಿತ್ತಾರಕ್ಕೆ ಹೊಸ ಅಚ್ಚು, ಮೆಷಿನ್ ಸೆಟ್ಟಿಂಗ್, ದೊಡ್ಡ ಲಾಟು. ಒಂದು ಅಂಗಡಿಯ ಸ್ಟಾಕಿಗೆ ಆ ಲೆಕ್ಕ ಕೂರುವುದಿಲ್ಲ. ಬೆಳ್ಳಿ ಇಂಕಿನಲ್ಲಿ ಪ್ರಿಂಟ್ ಮಾಡಿಸಿದರೆ ಕಡಿಮೆ ಸಂಖ್ಯೆಗೂ ಆಗುತ್ತದೆ ಅನ್ನುವವರಿದ್ದಾರೆ. ಆಗುತ್ತದೆ, ಆದರೆ ಇಂಕಿನ ಗೆರೆ ಅಲ್ಯೂಮಿನಿಯಂ ಹಾಳೆಯಷ್ಟು ಚೆನ್ನಾಗಿ ಕರೆಂಟು ಹರಿಸುವುದಿಲ್ಲ. ಈಗಾಗಲೇ ಶಕ್ತಿ ಸಾಲದ ಕಡೆ ಇನ್ನಷ್ಟು ಸೋರಿಕೆ.

ಅವನ ತಲೆಗೆ ಇನ್ನೊಂದು ಬರುವುದು ಖಂಡಿತ: ಜರಿಯನ್ನೇ ಆಂಟೆನಾ ಮಾಡಿಬಿಟ್ಟರೆ? ಇದು ಹುಚ್ಚು ಯೋಚನೆಯಲ್ಲ. ಆಸ್ಪತ್ರೆ, ಹೋಟೆಲ್‌ಗಳ ಲಾಂಡ್ರಿ ಬಟ್ಟೆಗೆ ಹಾಕುವ ಕೆಲವು ಟ್ಯಾಗ್‌ಗಳಲ್ಲಿ ಚಿಪ್ ಮತ್ತು ಪುಟ್ಟ ಕುಣಿಕೆ ಒಂದು ಗುಂಡಿಯಲ್ಲಿರುತ್ತದೆ. ದೊಡ್ಡ ಆಂಟೆನಾ ಬೇರೆಯೇ, ಸ್ಟೀಲ್ ದಾರದಲ್ಲಿ ಹೊಲಿದದ್ದು. ಎರಡಕ್ಕೂ ತಂತಿ ಜೋಡಣೆ ಇಲ್ಲ, ಕಾಂತಕ್ಷೇತ್ರದ ಮೂಲಕವೇ ಶಕ್ತಿ ದಾಟುತ್ತದೆ. ಆದರೆ ಅಲ್ಲಿ ದಾರದ ಉದ್ದ, ಆಕಾರ ನಮ್ಮ ಕೈಯಲ್ಲಿದೆ. ನೇಕಾರರ ಜರಿ ನಮ್ಮ ಲೆಕ್ಕಕ್ಕೆ ಬಗ್ಗುವುದಿಲ್ಲ. ಅಷ್ಟಕ್ಕೂ ಗಿರಾಕಿಯ ಮದುವೆ ಸೀರೆಗೆ ಚಿಪ್ ಹೊಲಿದು ಕೊಡುತ್ತೀರಾ?

ಈಗ ಏನು ಮಾಡಬಹುದು?

ಏನೇ ಬದಲಿಸುವ ಮೊದಲು ಅಳೆಯಿರಿ. ಇದನ್ನು ಹುಡುಗನಿಗೇ ವಹಿಸಿ. ಕೈ ರೀಡರ್‌ನಲ್ಲಿ ಪವರ್ ಅನ್ನು ಡಿಬಿಎಂ ಲೆಕ್ಕದಲ್ಲಿ ಇಳಿಸಬಹುದು, 30 ಅಂದರೆ 1 ವ್ಯಾಟ್. ಸುತ್ತ ಲೋಹ ಇಲ್ಲದ ಜಾಗದಲ್ಲಿ, ರಟ್ಟಿನ ಪೆಟ್ಟಿಗೆಯ ಮೇಲೆ ಬರೀ ಚೀಟಿ ಇಟ್ಟು, ಸರಿಯಾಗಿ 1 ಮೀಟರ್ ದೂರದಿಂದ ಓದಿಸಿ. ಪವರ್ ಒಂದೊಂದೇ ಡಿಬಿ ಇಳಿಸುತ್ತಾ ಹೋಗಿ, ಎಲ್ಲಿ ನಿಂತಿತು ಬರೆದುಕೊಳ್ಳಿ. ನಾಲ್ಕೂವರೆ ಮೀಟರ್ ಓದುವ ಟ್ಯಾಗ್ ಆದರೆ 17ರ ಹತ್ತಿರ ಎಲ್ಲೋ ನಿಲ್ಲಬೇಕು. ಆಮೇಲೆ ಅದೇ ಚೀಟಿಯನ್ನು ಕಾಟನ್ ಸೀರೆಯಲ್ಲಿ, ಸಣ್ಣ ಅಂಚಿನ ರೇಷ್ಮೆಯಲ್ಲಿ, ದೊಡ್ಡ ಜರಿಯಲ್ಲಿ ಇಟ್ಟು ಹಾಗೇ ಮಾಡಿ. ಎರಡು ಅಂಕಿಗಳ ವ್ಯತ್ಯಾಸವೇ ಸೀರೆ ತಿಂದ ಶಕ್ತಿ. 6 ಡಿಬಿ ಹೋದರೆ ಓದುವ ದೂರ ಅರ್ಧ, 20 ಹೋದರೆ ಹತ್ತನೇ ಒಂದು. ದೊಡ್ಡ ಜರಿಯೊಳಗಿದ್ದರೆ 30ಕ್ಕೂ ಓದದಿರಬಹುದು. ಆಗ ಚೀಟಿಯನ್ನು ಒಂದೊಂದೇ ಸೆಂಟಿಮೀಟರ್ ಹೊರಗೆಳೆಯುತ್ತಾ ಎಲ್ಲಿ ಜೀವ ಬರುತ್ತದೆ ನೋಡಿ. ಯಾವ ಮಾರಾಟಗಾರರ ಮಾತಿಗಿಂತಲೂ ಆ ಅಳತೆಯನ್ನು ನಂಬಿ. ಪ್ರತಿ ಬಗೆಯಲ್ಲಿ ನಾಲ್ಕೈದು ಸೀರೆ ನೋಡಿ, ಒಂದನ್ನೇ ನೋಡಿ ತೀರ್ಮಾನ ಬೇಡ. ಫೋನಿನಲ್ಲಿ ಓದಿಸಿ ನೋಡಲು ಹೋಗಬೇಡಿ, ಫೋನಿನ ಎನ್‌ಎಫ್‌ಸಿ ಈ ಬ್ಯಾಂಡಿನದಲ್ಲ.

ನನ್ನ ಸಲಹೆ ಸರಳ. ಚೀಟಿ ಮಡಿಕೆಯಿಂದ ಹೊರಗೆ ನೇತಾಡಲಿ. ಸೆರಗಿನ ಕೊನೆಯಲ್ಲಿ ಕುಚ್ಚು ಕಟ್ಟಲು ಬಿಟ್ಟ ದಾರ ಇರುತ್ತದಲ್ಲ, ಅದಕ್ಕೆ ನೂಲಿನಿಂದ ಕಟ್ಟಬಹುದು. ಪಿನ್ನು, ಅಂಟು ಬೇಡವೇ ಬೇಡ. ಚೀಟಿ ಸ್ವಲ್ಪ ಉದ್ದ ಇರಲಿ, ಟ್ಯಾಗ್ ಅದರ ಕೆಳಭಾಗದಲ್ಲಿ ಇರಲಿ. ರ‍್ಯಾಕ್‌ನಲ್ಲಿಟ್ಟಾಗ ಟ್ಯಾಗ್ ಭಾಗ ಸೀರೆಯ ಅಂಚಿನಿಂದ ಎರಡು ಮೂರು ಸೆಂಟಿಮೀಟರ್ ಮುಂದಕ್ಕೆ ಬರಬೇಕು. ಒಂದು ಸೀರೆಯ ಚೀಟಿ ಎಡಕ್ಕೆ, ಮುಂದಿನದರದ್ದು ಬಲಕ್ಕೆ ಬರುವಂತೆ ಜೋಡಿಸಿದರೆ ಅಟ್ಟಿಯ ನೆರಳೂ ಕಡಿಮೆಯಾಗುತ್ತದೆ. ಈಗಿರುವ ಸ್ಟಿಕ್ಕರುಗಳೇ ಸಾಕು. ಚೀಟಿ ಮಡಚುವುದು ಮಾತ್ರ ಟ್ಯಾಗ್ ಮೇಲೆ ಬೀಳಬಾರದು, ಚಿಪ್ ಕಿತ್ತುಬರುತ್ತದೆ.

ಇದರಲ್ಲಿ ಅಪಾಯ ಇಲ್ಲವೆಂದಲ್ಲ. ಚೀಟಿ ಹರಿದು ಬೀಳುತ್ತದೆ, ಒಂದು ಸೀರೆಯದು ಇನ್ನೊಂದಕ್ಕೆ ಹೋಗುತ್ತದೆ. ಅದಕ್ಕಿಂತ ದೊಡ್ಡದು ಅಭ್ಯಾಸ. ಗಿರಾಕಿಗೆ ಹತ್ತು ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚುವಾಗ ಹುಡುಗರು ಚೀಟಿಯನ್ನು ಅಂದವಾಗಿ ಒಳಗೆ ತುರುಕಿಬಿಡುತ್ತಾರೆ. ಅವರಿಗೆ ಅದೇ ಶಿಸ್ತು ಅಂತ ಕಲಿಸಿದವರು ನೀವೇ! ಹೊಸ ಅಭ್ಯಾಸ ಬರುವತನಕ ರೀಡರ್ ಲೆಕ್ಕ ಏರುಪೇರಾಗುತ್ತದೆ. ಈ ಒಂದು ವಿಷಯಕ್ಕೆ ಆಂಟೆನಾ ಶಾಸ್ತ್ರದಲ್ಲಿ ಮದ್ದಿಲ್ಲ.

ಪೆಟ್ಟಿಗೆಯಲ್ಲಿಡುವ ಮದುವೆ ಸೀರೆಗಳಿಗೆ ಇನ್ನೊಂದು ದಾರಿ ಇದೆ. ರಟ್ಟಿನ ಪೆಟ್ಟಿಗೆಯ ಪಕ್ಕದ ಗೋಡೆಗೆ ಒಳಗಿನಿಂದ ಟ್ಯಾಗ್ ಅಂಟಿಸಿ, ಸೀರೆಗೂ ಅದಕ್ಕೂ ನಡುವೆ ಎರಡು ಸೆಂಟಿಮೀಟರ್ ಥರ್ಮೊಕೋಲ್ ತುಂಡು ಇಡಿ. ಥರ್ಮೊಕೋಲ್ ಹೆಚ್ಚುಕಡಿಮೆ ಗಾಳಿಯೇ, ತರಂಗಕ್ಕೆ ಅಡ್ಡ ಬರುವುದಿಲ್ಲ. ಆದರೆ ಆಗ ನೀವು ಎಣಿಸುತ್ತಿರುವುದು ಪೆಟ್ಟಿಗೆಯನ್ನು, ಸೀರೆಯನ್ನಲ್ಲ. ಖಾಲಿ ಪೆಟ್ಟಿಗೆಯೂ ಲೆಕ್ಕಕ್ಕೆ ಬರುತ್ತದೆ. ಬೆಲೆಬಾಳುವ ಸರಕಿಗೆ ಇದನ್ನು ಒಪ್ಪಬೇಕೋ ಬೇಡವೋ ನೀವೇ ನೋಡಿ. ನನಗಾದರೆ ಆ ಕೆಲವು ಸೀರೆಗಳನ್ನು ಬಾರ್‌ಕೋಡಿನಲ್ಲೇ ಕೈಯಾರೆ ಎಣಿಸುವುದು ಹೆಚ್ಚು ನೆಮ್ಮದಿ.

ಎಣಿಸುವಾಗ ರೀಡರನ್ನು ಒಂದೇ ಕಡೆ ಹಿಡಿದು ನಿಲ್ಲಬೇಡಿ. ರ‍್ಯಾಕ್ ಮುಂದೆ ನಿಧಾನ ಆಡಿಸಿ, ಎಡದಿಂದ ಒಮ್ಮೆ, ಬಲದಿಂದ ಒಮ್ಮೆ. ಗೋಡೆ, ನೆಲದಿಂದ ಬರುವ ಪ್ರತಿಫಲನಗಳು ಕೆಲವು ಜಾಗಗಳಲ್ಲಿ ತರಂಗವನ್ನು ಪೂರ್ತಿ ಅಳಿಸಿಬಿಡುತ್ತವೆ, ಕೈ ಅಲುಗಿದರೆ ಆ ಕುರುಡು ಜಾಗಗಳೂ ಸರಿಯುತ್ತವೆ. ಪವರ್ ಜಾಸ್ತಿ ಮಾಡುವ ಬದಲು ಸ್ವಲ್ಪ ಇಳಿಸಿ ಹತ್ತಿರ ಹೋಗಿ. ಪಕ್ಕದ ರ‍್ಯಾಕ್‌ನ ಗದ್ದಲ ತಗ್ಗುತ್ತದೆ.

ಮುಂದಿನ ಲಾಟು ತಗೊಳ್ಳುವಾಗ ಚಿಪ್ ಯಾವುದು, ಅದರ ಸೆನ್ಸಿಟಿವಿಟಿ (ಎಚ್ಚರಗೊಳ್ಳಲು ಬೇಕಾದ ಕನಿಷ್ಠ ಶಕ್ತಿ) ಎಷ್ಟು ಅಂತ ಕೇಳಿ. ಋಣ 18 ಡಿಬಿಎಂನ ಹಳೆಯ ಚಿಪ್‌ಗೂ ಋಣ 24ರ ಹೊಸ ಚಿಪ್‌ಗೂ ಓದುವ ದೂರದಲ್ಲಿ ಎರಡು ಪಟ್ಟು ವ್ಯತ್ಯಾಸ ಬರುತ್ತದೆ, ಆಂಟೆನಾ ಅದೇ ಇದ್ದರೂ. ಆ ಟ್ಯಾಗ್ 865ರಿಂದ 868ರ ನಡುವೆ, ಬಟ್ಟೆ ಮತ್ತು ರಟ್ಟಿನ ಮೇಲೆ ಎಷ್ಟು ದೂರ ಓದುತ್ತದೆ ಅನ್ನುವ ಗ್ರಾಫ್ ಕೊಡಲು ಹೇಳಿ. ಒಳ್ಳೆಯ ಕಂಪನಿಗಳು ಅದನ್ನು ಇಟ್ಟಿರುತ್ತವೆ. ಗ್ರಾಫ್ ಇಲ್ಲ, ಬರೀ 'ಹತ್ತು ಮೀಟರ್ ಓದುತ್ತೆ ಮೇಡಂ' ಅಂದರೆ ಸ್ಯಾಂಪಲ್ ಇಸ್ಕೊಂಡು ನಿಮ್ಮ 1 ಮೀಟರ್ ಪರೀಕ್ಷೆಗೆ ಹಾಕಿ, ಆಮೇಲೆ ಮಾತಾಡಿ.

ಕೊನೆಗೆ ಗೇಟ್ ವಿಷಯ. ಅದಕ್ಕೆ ಈ ಟ್ಯಾಗ್ ನಂಬಬೇಡಿ. ಎಣಿಕೆಯಲ್ಲಿ ನೂರಕ್ಕೆ ಎರಡು ತಪ್ಪಿದರೆ ಮತ್ತೊಮ್ಮೆ ಓದಿಸಬಹುದು, ಬಾಗಿಲು ದಾಟಿದ ಸೀರೆಯನ್ನು ಮತ್ತೆ ಓದಿಸಲು ಆಗುವುದಿಲ್ಲ. ಸೀರೆಯನ್ನು ಮೈಗೆ ಒತ್ತಿ ಹಿಡಿದರೂ ಸಾಕು, ದೇಹದ ನೀರು ಈ ತರಂಗವನ್ನು ಹೀರಿಕೊಳ್ಳುತ್ತದೆ. ಜರಿ ಸೀರೆಯೇ ಆದರೆ ಕಳ್ಳರು ಅಷ್ಟೂ ಕಷ್ಟಪಡಬೇಕಿಲ್ಲ, ಚೀಟಿಯನ್ನು ಸೆರಗಿನೊಳಗೆ ಸುತ್ತಿದರಾಯಿತು. ಬಾಗಿಲಿಗೆ ಹತ್ತಿರ ಇಟ್ಟಿರುವ ಸೀರೆಗಳ ಟ್ಯಾಗ್‌ಗಳನ್ನೂ ಗೇಟ್ ಓದಿ ಸುಮ್ನೆ ಕೂಗಿಕೊಳ್ಳುತ್ತದೆ, ನಾಲ್ಕು ದಿನದಲ್ಲಿ ಹುಡುಗರು ಅದರ ಪ್ಲಗ್ ಕಿತ್ತಿಡುತ್ತಾರೆ. ಮದುವೆ ಸೀರೆ ತೋರಿಸುವ ಕೌಂಟರ್ ಬಾಗಿಲಿನಿಂದ ದೂರ ಇರಲಿ, ಒಂದು ಸಲಕ್ಕೆ ಎಷ್ಟು ಸೀರೆ ಹೊರಗೆ ತೆಗೆದಿದ್ದೀರಿ ಅಂತ ಒಬ್ಬರು ಬರೆದಿಡಲಿ.